ಕಣ್ಣು ಹಳದಿಯಾದರೆ ಏನು ಮಾಡಬೇಕು: ಕಾಮಾಲೆಯ ಮೂಲ ಹುಡುಕುವ ಬಗೆ

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತದೆ ಗಾದೆ. ಕೇಳಲು ಚೆನ್ನಾಗಿದೆ, ಆದರೆ ನಿಜ ಅದಕ್ಕೆ ಉಲ್ಟಾ. ಕಾಮಾಲೆ ಬಂದವರಿಗೆ ಲೋಕ ಎಂದಿನ ಬಣ್ಣದಲ್ಲೇ ಕಾಣುತ್ತದೆ. ಹಳದಿ ಕಾಣುವುದು ಎದುರಿಗೆ ಕೂತವರಿಗೆ. "ಯಾಕೋ ನಿನ್ನ ಕಣ್ಣು ಹಳದಿ ಇದೆಯಲ್ಲ" ಅಂತ ಯಾರಾದರೂ ಹೇಳುವವರೆಗೆ ಎಷ್ಟೋ ಜನರಿಗೆ ಗೊತ್ತೇ ಆಗಿರುವುದಿಲ್ಲ. ಹಾಗಾಗಿ ಈ ಲೇಖನ ರೋಗಿಗೆ ಎಷ್ಟೋ, ಅವರ ಪಕ್ಕದಲ್ಲಿರುವವರಿಗೂ ಅಷ್ಟೇ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಾಮಾಲೆ ಒಂದು ಕಾಯಿಲೆಯ ಹೆಸರಲ್ಲ. ಜ್ವರ ಹೇಗೆ ನೂರು ಕಾರಣಕ್ಕೆ ಬರುತ್ತದೋ, ಇದೂ ಹಾಗೆಯೇ. "ಕಾಮಾಲೆಗೆ ಯಾವ ಔಷಧಿ ಒಳ್ಳೆಯದು?" ಅನ್ನುವ ಪ್ರಶ್ನೆಗೆ ಉತ್ತರ ಇಲ್ಲದಿರುವುದು ಅದಕ್ಕೇ. "ಈ ಹಳದಿ ಎಲ್ಲಿಂದ ಬಂತು?" ಅಂತ ಕೇಳಿದರೆ ಮಾತ್ರ ದಾರಿ ಸಿಗುತ್ತದೆ.

ಮೊದಲು, ಆ ಹಳದಿ ಏನು ಅಂತ ತಿಳಿಯೋಣ

ನಮ್ಮ ರಕ್ತದ ಕೆಂಪು ಕಣಗಳ ಆಯಸ್ಸು ಸುಮಾರು 120 ದಿನ. ಹಳೆಯದಾದ ಕಣಗಳನ್ನು ದೇಹ ಒಡೆದು ಹಾಕುತ್ತದೆ, ಹೆಚ್ಚಾಗಿ ಗುಲ್ಮದಲ್ಲಿ. ಆಗ ಹುಟ್ಟುವ ಹಳದಿ ಕಸವೇ ಬಿಲಿರುಬಿನ್. ಅದು ನೀರಿನಲ್ಲಿ ಕರಗುವುದಿಲ್ಲ. ರಕ್ತದ ಅಲ್ಬುಮಿನ್ ಅನ್ನುವ ಪ್ರೋಟೀನಿನ ಬೆನ್ನೇರಿ ಲಿವರಿಗೆ ಹೋಗುತ್ತದೆ. ಲಿವರ್ ಅದನ್ನು ನೀರಿನಲ್ಲಿ ಕರಗುವ ಹಾಗೆ ಮಾಡಿ ಪಿತ್ತರಸದ ಜೊತೆ ಕರುಳಿಗೆ ಬಿಡುತ್ತದೆ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಇನ್ನಷ್ಟು ಬದಲಾಯಿಸುತ್ತವೆ. ಮಲಕ್ಕೆ ಕಂದು ಬಣ್ಣ ಬರುವುದು ಅದರಿಂದ. ಮೂತ್ರದ ತಿಳಿ ಹಳದಿಯೂ ಇದೇ ಸಂಸಾರದ್ದು.

ಈ ದಾರಿಯಲ್ಲಿ ಮೂರು ಕಡೆ ತೊಂದರೆ ಆಗಬಹುದು. ಲಿವರಿಗೆ ಬರುವ ಮೊದಲೇ ಕಸ ಜಾಸ್ತಿ ಆಗಬಹುದು. ಲಿವರೇ ಕೆಟ್ಟಿರಬಹುದು. ಲಿವರ್ ಸರಿಯಿದ್ದು, ಆಚೆ ಹೋಗುವ ಪಿತ್ತನಾಳ ಮುಚ್ಚಿರಬಹುದು. ಇನ್ನು ಮುಂದೆ ಹೇಳುವುದೆಲ್ಲ ಈ ಮೂರರಲ್ಲಿ ಯಾವುದು ಅಂತ ಪತ್ತೆ ಮಾಡುವ ಕೆಲಸವೇ.

ಹೆಜ್ಜೆ 1: ನಿಜವಾಗಲೂ ಕಾಮಾಲೆಯೇ?

ಹಗಲಿನ ಬೆಳಕಿನಲ್ಲಿ ನೋಡಿ. ಹಳದಿ ಬಲ್ಬಿನ ಕೆಳಗೆ ನೋಡಿದರೆ ಎಲ್ಲರ ಕಣ್ಣೂ ಹಳದಿಯೇ. ಕೆಳಗೆ ನೋಡಲು ಹೇಳಿ, ಮೇಲಿನ ರೆಪ್ಪೆಯನ್ನು ಮೆಲ್ಲಗೆ ಎತ್ತಿ, ಬಿಳಿಭಾಗ ನೋಡಿ. ನಾಲಿಗೆಯ ಅಡಿಭಾಗವನ್ನೂ ನೋಡಬಹುದು. ಚರ್ಮದ ಬಣ್ಣ ಗಾಢವಾಗಿರುವವರಲ್ಲಿ ಚರ್ಮ ನೋಡಿ ಹೇಳುವುದು ಕಷ್ಟ. ಕಣ್ಣೇ ಸಾಕ್ಷಿ.

ಕ್ಯಾರೆಟ್ ಥರದ ತರಕಾರಿಗಳನ್ನು ತುಂಬಾ ತಿನ್ನುವವರಿಗೆ ಅಂಗೈ, ಅಂಗಾಲು ಹಳದಿಯಾಗುತ್ತವೆ. ಆದರೆ ಅವರ ಕಣ್ಣು ಬೆಳ್ಳಗೇ ಇರುತ್ತದೆ. ಅದು ಕಾಮಾಲೆ ಅಲ್ಲ, ಗಾಬರಿ ಬೇಡ.

ರಕ್ತದಲ್ಲಿ ಬಿಲಿರುಬಿನ್ ಸಾಮಾನ್ಯವಾಗಿ 1.2 ಮಿಲಿಗ್ರಾಂ ಒಳಗಿರುತ್ತದೆ (ಪ್ರತಿ 100 ಮಿಲಿಲೀಟರಿಗೆ). ಕಣ್ಣಿಗೆ ಹಳದಿ ಕಾಣಬೇಕಾದರೆ ಅದು 2.5 ರಿಂದ 3 ಆಗಿರಬೇಕು. ಅಂದರೆ ಕಣ್ಣು ಬೆಳ್ಳಗಿದ್ದ ಮಾತ್ರಕ್ಕೆ ಲಿವರ್ ಚೆನ್ನಾಗಿದೆ ಅಂತ ಹೇಳಲಾಗದು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಹೆಜ್ಜೆ 2: ಮೂತ್ರ, ಮಲ, ತುರಿಕೆ

ಹೇಳಿಕೊಳ್ಳಲು ಮುಜುಗರದ ವಿಷಯ ಅಲ್ವಾ? ಆದರೆ ವೈದ್ಯರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಇಲ್ಲ, ಅದೂ ಪುಕ್ಕಟೆ.

ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದ್ದರೆ, ನೀರಿನಲ್ಲಿ ಕರಗುವ ಬಿಲಿರುಬಿನ್ ರಕ್ತಕ್ಕೆ ವಾಪಸ್ ಸೋರುತ್ತಿದೆ ಅಂತ ಅರ್ಥ. ತೊಂದರೆ ಲಿವರಿನಲ್ಲಿದೆ ಇಲ್ಲವೇ ಪಿತ್ತನಾಳದಲ್ಲಿದೆ. ಎಷ್ಟೋ ಸಲ ಕಣ್ಣಿಗಿಂತ ಮೊದಲು ಮೂತ್ರವೇ ಬಣ್ಣ ಬದಲಿಸುತ್ತದೆ.

ಮಲ ಬಿಳಿಚಿ, ಜೇಡಿಮಣ್ಣಿನ ಹಾಗಾಗಿದ್ದರೆ ಪಿತ್ತರಸ ಕರುಳಿಗೆ ಇಳಿಯುತ್ತಿಲ್ಲ. ಜೊತೆಗೆ ಮೈಯೆಲ್ಲ, ಅದರಲ್ಲೂ ಅಂಗೈ ಅಂಗಾಲು ತುರಿಕೆ ಇದ್ದರೆ ಪಿತ್ತನಾಳದ ಅಡ್ಡಿಯ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಕಣ್ಣು ಹಳದಿ, ಆದರೆ ಮೂತ್ರ ಮಲ ಎಂದಿನಂತೆಯೇ? ಆಗ ರಕ್ತಕಣಗಳು ಹೆಚ್ಚಾಗಿ ಒಡೆಯುತ್ತಿರಬಹುದು. ಇಲ್ಲವೇ ಗಿಲ್ಬರ್ಟ್ ಸಿಂಡ್ರೋಮ್ ಇರಬಹುದು. ಅದರ ಮಾತು ಆಮೇಲೆ.

ಹೆಜ್ಜೆ 3: ಇವು ಕಂಡರೆ ಓದುವುದನ್ನು ನಿಲ್ಲಿಸಿ, ಆಸ್ಪತ್ರೆಗೆ ಹೊರಡಿ

ಕಾಮಾಲೆಯ ಜೊತೆ ಕೆಳಗಿನ ಯಾವುದಾದರೂ ಇದ್ದರೆ ನಾಳೆ ನೋಡೋಣ ಅನ್ನುವ ಮಾತೇ ಇಲ್ಲ.

- ಗೊಂದಲದ ಮಾತು, ವಿಪರೀತ ಮಂಪರು, ಹಗಲಿಡೀ ನಿದ್ದೆ ರಾತ್ರಿಯೆಲ್ಲ ಎಚ್ಚರ, ಗುರುತು ತಪ್ಪುವುದು.
- ರಕ್ತ ವಾಂತಿ, ಅಥವಾ ಟಾರಿನಂತೆ ಕಪ್ಪಗೆ ಅಂಟಂಟಾದ ಮಲ.
- ಚಳಿ ನಡುಕದ ಜ್ವರ ಮತ್ತು ಹೊಟ್ಟೆಯ ಬಲ ಮೇಲ್ಭಾಗದಲ್ಲಿ ನೋವು. ಹಳದಿಯ ಜೊತೆ ಈ ಎರಡೂ ಸೇರಿದರೆ ಪಿತ್ತನಾಳದಲ್ಲಿ ಸೋಂಕು ಅಂತಲೇ ವೈದ್ಯರು ಮೊದಲು ಯೋಚಿಸುತ್ತಾರೆ. ಗಂಟೆಗಳಲ್ಲಿ ಕೈಮೀರುವ ಸ್ಥಿತಿ ಇದು.
- ಸುಮ್ನೆ ಸುಮ್ನೆ ವಸಡಿನಿಂದ, ಮೂಗಿನಿಂದ ರಕ್ತ, ಮೈಮೇಲೆ ನೀಲಿ ಕಲೆ.
- ಏನು ಕುಡಿದರೂ ವಾಂತಿ, ಮೂತ್ರ ಕಡಿಮೆಯಾಗುವುದು.
- ಗರ್ಭಿಣಿಗೆ ಕಾಮಾಲೆ. ಬೇರೆ ಲಕ್ಷಣ ಇಲ್ಲದಿದ್ದರೂ ಸರಿ, ಅವತ್ತೇ ತೋರಿಸಬೇಕು.
- ಪ್ಯಾರಾಸಿಟಮಾಲ್ ಅತಿಯಾಗಿ ನುಂಗಿರುವುದು. ಇದರಲ್ಲಂತೂ ಹಳದಿ ಆಗಲಿ ಅಂತ ಕಾಯಲೇಬಾರದು.

ಮೊದಲನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲು ಲಿವರಿನ ತೊಂದರೆ ಏನೂ ಇಲ್ಲದವರಿಗೆ ಕಾಮಾಲೆ ಬಂದು, ಕೆಲವೇ ದಿನ ಅಥವಾ ವಾರಗಳಲ್ಲಿ ಮಾತು ತೊದಲತೊಡಗಿದರೆ ಲಿವರ್ ದಿಢೀರ್ ಸೋಲುತ್ತಿದೆ ಅಂತ ಅರ್ಥ. "ಸುಸ್ತಾಗಿದೆ, ಮಲಗಲಿ ಬಿಡು" ಅಂತ ಬಿಟ್ಟ ಒಂದು ರಾತ್ರಿ ಇಲ್ಲಿ ತುಂಬಾ ದುಬಾರಿ.

ಹೆಜ್ಜೆ 4: ನೆನಪು ಕೆದಕಿ, ಒಂದು ಹಾಳೆಯಲ್ಲಿ ಬರೆಯಿರಿ

ತುರ್ತು ಇಲ್ಲ ಅಂತ ಖಾತ್ರಿಯಾದರೆ, ವೈದ್ಯರ ಬಳಿ ಹೋಗುವ ಮೊದಲು ಹತ್ತು ನಿಮಿಷ ಕೂತು ಬರೆಯಿರಿ. ಹೋಗುವುದು ಮಾತ್ರ ಒಂದೆರಡು ದಿನದೊಳಗೇ. ಕಾಮಾಲೆಯ ಕಾರಣಗಳೆಲ್ಲ ಈ ನೆನಪಿನಲ್ಲೇ ಅಡಗಿರುತ್ತವೆ.

*ಎರಡು ತಿಂಗಳ ಹಿಂದಿನ ನೀರು, ಊಟ.* ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ಕೊಳಕು ನೀರು, ಆಹಾರದಿಂದ ಬರುತ್ತವೆ. ಆದರೆ ನಿನ್ನೆ ಕುಡಿದ ನೀರಿನಿಂದ ಇವತ್ತು ಕಾಮಾಲೆ ಬರುವುದಿಲ್ಲ. ಎ ವೈರಸ್ ಒಳಹೊಕ್ಕು ಲಕ್ಷಣ ಕಾಣಿಸಲು ಸರಾಸರಿ 28 ದಿನ ಬೇಕು. ಇ ಕೂಡ ಎರಡರಿಂದ ಹತ್ತು ವಾರ ತೆಗೆದುಕೊಳ್ಳುತ್ತದೆ. ಹಾಗಾಗಿ ಕಳೆದ ವಾರದ ಊಟವನ್ನು ಬೈಯುವುದರಲ್ಲಿ ಅರ್ಥವಿಲ್ಲ. ಮೊದಲು ಜ್ವರ, ವಾಕರಿಕೆ, ಊಟ ಸೇರದಿರುವುದು. ಕೆಲವು ದಿನಗಳ ಮೇಲೆ ಹಳದಿ. ಇದು ಇವುಗಳ ಸಾಮಾನ್ಯ ನಡೆ. ಹೆಚ್ಚಿನವರು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತಾರೆ. ಆದರೆ ಗರ್ಭಿಣಿಯರ ಲೆಕ್ಕ ಬೇರೆ. ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಬಂದರೆ ನೂರರಲ್ಲಿ 20 ರಿಂದ 25 ಮಂದಿಯವರೆಗೆ ಸಾಯುವ ಅಪಾಯವಿದೆ. ಗರ್ಭಿಣಿ ಅವತ್ತೇ ತೋರಿಸಬೇಕು ಅಂದದ್ದು ಅದಕ್ಕೆ.

*ಸೂಜಿ, ರಕ್ತ, ಹಚ್ಚೆ, ಅಸುರಕ್ಷಿತ ಲೈಂಗಿಕ ಸಂಪರ್ಕ.* ಹೆಪಟೈಟಿಸ್ ಬಿ ಮತ್ತು ಸಿ ಹರಡುವುದು ರಕ್ತದ ದಾರಿಯಲ್ಲಿ. ಬಿ ಲೈಂಗಿಕ ಸಂಪರ್ಕದಿಂದಲೂ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ ಹೋಗುತ್ತದೆ. ಒಟ್ಟಿಗೆ ಊಟ ಮಾಡಿದರೆ, ತಬ್ಬಿಕೊಂಡರೆ ಬರುವುದಿಲ್ಲ. ಬಿ ವೈರಸ್ಸಿನ ಒಂದು ವಿಚಿತ್ರ ಗುಣ ನೋಡಿ. ದೊಡ್ಡವರಿಗೆ ತಗುಲಿದರೆ ನೂರರಲ್ಲಿ 95 ಮಂದಿ ಅದನ್ನು ಓಡಿಸಿಬಿಡುತ್ತಾರೆ. ಹುಟ್ಟುವಾಗಲೇ ತಗುಲಿದರೆ ನೂರರಲ್ಲಿ 90 ಮಕ್ಕಳಲ್ಲಿ ಅದು ಜೀವಮಾನವಿಡೀ ಉಳಿಯುತ್ತದೆ. ಕೂಸಿಗೆ ಲಸಿಕೆಯನ್ನು ಹುಟ್ಟಿದ 24 ಗಂಟೆಯೊಳಗೆ ಕೊಡಬೇಕು ಅನ್ನುವುದು ಈ ಕಾರಣಕ್ಕೆ. ಸಿ ವೈರಸ್ಸಿಗೆ ಲಸಿಕೆ ಇಲ್ಲ. ಆದರೆ 8 ರಿಂದ 12 ವಾರದ ಮಾತ್ರೆಯಿಂದ ನೂರರಲ್ಲಿ 95ಕ್ಕೂ ಹೆಚ್ಚು ಜನ ಪೂರ್ತಿ ಗುಣವಾಗುತ್ತಾರೆ. ಆ ವೈರಸ್ ಕಂಡುಹಿಡಿದ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಬಂತು.

*ಮದ್ಯ.* ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಯಾವಾಗ. ನಿಜ ಬರೆಯಿರಿ. ವೈದ್ಯರ ಮುಂದೆ ಅರ್ಧಕ್ಕೆ ಇಳಿಸಿ ಹೇಳುವುದು ಬಹುಶಃ ಜಗತ್ತಿನ ಎಲ್ಲ ಕಡೆಯ ರೂಢಿ. ನಷ್ಟ ಮಾತ್ರ ಹೇಳಿದವರಿಗೇ. ದಿನಾ ಕುಡಿಯುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಅದಕ್ಕಾದರೂ ವೈದ್ಯರಿಗೆ ಸರಿ ಲೆಕ್ಕ ಗೊತ್ತಿರಬೇಕು.

*ಎಲ್ಲ ಮಾತ್ರೆ, ಪುಡಿ, ಟಾನಿಕ್.* ಡಾಕ್ಟರ್ ಬರೆದದ್ದು ಮಾತ್ರವಲ್ಲ. ಗಿಡಮೂಲಿಕೆ, ತೂಕ ಇಳಿಸುವ ಕ್ಯಾಪ್ಸೂಲ್, ದೇಹ ಬೆಳೆಸುವ ಪುಡಿ, ಎಲ್ಲವನ್ನೂ ಬರೆಯಿರಿ. ಗಿಡದಿಂದ ಬಂದದ್ದು ಲಿವರಿಗೆ ಹಾನಿ ಮಾಡದು ಅನ್ನುವುದು ಬರೀ ನಂಬಿಕೆ. ಕ್ಷಯದ ಔಷಧಿಗಳಾದ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರನ್ನು ಕೆಣಕಬಲ್ಲವು. ಅವನ್ನು ತೆಗೆದುಕೊಳ್ಳುವವರ ಕಣ್ಣು ಹಳದಿಯಾದರೆ ಮುಂದಿನ ಡೋಸಿಗೆ ಮೊದಲೇ ವೈದ್ಯರನ್ನು ಕೇಳಿ.

ಪ್ಯಾರಾಸಿಟಮಾಲ್ ಬಗ್ಗೆ ಎರಡು ಮಾತು ಜಾಸ್ತಿ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. ನೆಗಡಿ ಮಾತ್ರೆ, ಮೈಕೈ ನೋವಿನ ಮಾತ್ರೆ ಎರಡರಲ್ಲೂ ಅದು ಇರುತ್ತದೆ. ಹಾಗಾಗಿ ಗೊತ್ತಿಲ್ಲದೇ ಮಿತಿ ದಾಟುವುದು ಸುಲಭ. ಅತಿಯಾದರೆ ಮೊದಲ ದಿನ ಬರೀ ವಾಕರಿಕೆ, ಕೆಲವರಿಗೆ ಅದೂ ಇಲ್ಲ. ಲಿವರ್ ಸಾಯತೊಡಗಿರುವುದು ಹೊರಗೆ ಕಾಣುವುದು ಎರಡು ಮೂರು ದಿನಗಳ ಮೇಲೆ. ಇದಕ್ಕೆ ಎನ್-ಅಸಿಟೈಲ್‌ಸಿಸ್ಟೀನ್ ಅನ್ನುವ ಪ್ರತಿಮದ್ದು ಇದೆ. ನುಂಗಿದ 8 ಗಂಟೆಯೊಳಗೆ ಕೊಟ್ಟರೆ ಲಿವರ್ ಬಹುತೇಕ ಉಳಿಯುತ್ತದೆ. ತಡವಾದರೂ ಪ್ರಯೋಜನ ಇದೆ, ಆದರೆ ಅಷ್ಟು ಭರವಸೆ ಇಲ್ಲ.

*ತೂಕ, ಸಕ್ಕರೆ ಕಾಯಿಲೆ.* ಕುಡಿಯದವರ ಲಿವರಿನಲ್ಲೂ ಕೊಬ್ಬು ಸೇರುತ್ತದೆ. ಜಗತ್ತಿನ ವಯಸ್ಕರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಫ್ಯಾಟಿ ಲಿವರ್ ಇದೆ. ಇದು ಸದ್ದಿಲ್ಲದ ಕಾಯಿಲೆ. ಬೇಗ ಕಾಮಾಲೆ ತರುವುದಿಲ್ಲ. ತಂದ ದಿನ ತಡವಾಗಿರುತ್ತದೆ.

*ನೋವು ಹೇಗಿತ್ತು.* ಊಟವಾದ ಮೇಲೆ ಬಲ ಪಕ್ಕೆಯಲ್ಲಿ ಎದ್ದು, ಬೆನ್ನಿಗೋ ಬಲ ಭುಜಕ್ಕೋ ಹೋಗುವ ನೋವಿದ್ದು ನಂತರ ಹಳದಿಯಾದರೆ ಪಿತ್ತಕೋಶದ ಕಲ್ಲು ನಾಳಕ್ಕೆ ಜಾರಿರಬಹುದು. ಇನ್ನೊಂದು ಚಿತ್ರ ಇದೆ: ನಡುವಯಸ್ಸು ದಾಟಿದವರು, ನೋವೇ ಇಲ್ಲ, ದಿನೇ ದಿನೇ ಏರುವ ಹಳದಿ, ಬಿಳಿಚಿದ ಮಲ, ಇಳಿಯುವ ತೂಕ. ನೋವಿಲ್ಲವಲ್ಲ ಅಂತ ಸಮಾಧಾನ ಪಡುವ ಹಾಗಿಲ್ಲ. ಮೇದೋಜೀರಕ ಗ್ರಂಥಿಯ ಅಥವಾ ಪಿತ್ತನಾಳದ ಕ್ಯಾನ್ಸರ್ ಅಲ್ಲ ಅಂತ ಸ್ಕ್ಯಾನ್ ಮಾಡಿ ಖಚಿತ ಮಾಡಿಕೊಳ್ಳಲೇಬೇಕು.

*ಮನೆತನ.* ಥಲಸ್ಸೀಮಿಯಾ, ಸಿಕಲ್ ಸೆಲ್, ಜಿ6ಪಿಡಿ ಕೊರತೆ ಇದ್ದವರಲ್ಲಿ ರಕ್ತಕಣಗಳು ಬೇಗ ಒಡೆಯುತ್ತವೆ. ಮಲೇರಿಯಾದಲ್ಲೂ ಹಾಗೆಯೇ. ಚಿಕ್ಕ ವಯಸ್ಸಿನವರಲ್ಲಿ ಕಾಮಾಲೆಯ ಜೊತೆ ಕೈ ನಡುಕ, ನಡವಳಿಕೆಯಲ್ಲಿ ಬದಲಾವಣೆ ಇದ್ದರೆ ವಿಲ್ಸನ್ ಕಾಯಿಲೆ ನೆನಪಿಗೆ ಬರಬೇಕು. ಲಿವರಿನಲ್ಲಿ, ಮೆದುಳಿನಲ್ಲಿ ತಾಮ್ರ ಶೇಖರವಾಗುವ ವಂಶದ ತೊಂದರೆ ಅದು. ಬೇಗ ಪತ್ತೆಯಾದರೆ ಮಾತ್ರೆಯಲ್ಲೇ ಹತೋಟಿಗೆ ಬರುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ಲಿವರಿನ ಮೇಲೆ ತಿರುಗಿ ಬೀಳುವ ಆಟೋಇಮ್ಯೂನ್ ಹೆಪಟೈಟಿಸ್ ಕೂಡ ಉಂಟು, ಹೆಂಗಸರಲ್ಲಿ ಹೆಚ್ಚು.

ಇನ್ನು ಗಿಲ್ಬರ್ಟ್. ಬಿಲಿರುಬಿನ್ನನ್ನು ಕರಗಿಸುವ ಕಿಣ್ವ ಹುಟ್ಟಿನಿಂದಲೇ ಸ್ವಲ್ಪ ನಿಧಾನ, ಅಷ್ಟೇ. ಉಪವಾಸ, ಜ್ವರ, ನಿದ್ದೆಗೆಟ್ಟಾಗ ಕಣ್ಣು ತುಸು ಹಳದಿಯಾಗಿ ತಾನೇ ಇಳಿಯುತ್ತದೆ. ಲಿವರಿಗೆ ಏನೂ ಆಗುವುದಿಲ್ಲ, ಔಷಧಿಯೂ ಬೇಡ. "ನನಗೆ ವರ್ಷಕ್ಕೆ ಎರಡು ಸಲ ಕಾಮಾಲೆ ಬರುತ್ತೆ, ಆ ಪುಡಿ ತಿಂದರೆ ನಾಲ್ಕು ದಿನದಲ್ಲಿ ಹೋಗುತ್ತೆ" ಅನ್ನುವವರಲ್ಲಿ ಕೆಲವರ ಕಥೆ ಇದೇ ಇರಬೇಕು ಅಂತ ನನ್ನ ಗುಮಾನಿ. ಪುಡಿ ತಿನ್ನದಿದ್ದರೂ ನಾಲ್ಕು ದಿನದಲ್ಲಿ ಹೋಗುತ್ತಿತ್ತು.

ಹೆಜ್ಜೆ 5: ರಿಪೋರ್ಟನ್ನು ಹೇಗೆ ಓದುವುದು

ಎಲ್ಲರೂ ಮೊದಲು ನೋಡುವುದು ಒಟ್ಟು ಬಿಲಿರುಬಿನ್. "ನಿನ್ನೆ 12, ಇವತ್ತು 10" ಅಂತ ಫೋನಿನಲ್ಲಿ ಸುದ್ದಿ ಹೋಗುತ್ತದೆ. ಆ ಸಂಖ್ಯೆಯೊಂದರಿಂದ ಕಾಯಿಲೆಯ ಗಾತ್ರ ಗೊತ್ತಾಗುವುದಿಲ್ಲ.

ಮೊದಲು ಡೈರೆಕ್ಟ್, ಇನ್‌ಡೈರೆಕ್ಟ್ ನೋಡಿ. ಲಿವರ್ ನೀರಿನಲ್ಲಿ ಕರಗುವ ಹಾಗೆ ಮಾಡಿದ ಬಿಲಿರುಬಿನ್ ಡೈರೆಕ್ಟ್, ಇನ್ನೂ ಹಾಗೆ ಮಾಡದಿರುವುದು ಇನ್‌ಡೈರೆಕ್ಟ್. ಇನ್‌ಡೈರೆಕ್ಟ್ ಮಾತ್ರ ಜಾಸ್ತಿ ಇದ್ದರೆ ರಕ್ತಕಣ ಒಡೆಯುತ್ತಿರುವುದೋ ಗಿಲ್ಬರ್ಟೋ ಇರಬಹುದು. ಡೈರೆಕ್ಟ್ ಜಾಸ್ತಿ ಇದ್ದರೆ ಲಿವರ್ ಅಥವಾ ಪಿತ್ತನಾಳ.

ಆಮೇಲೆ ಎಎಲ್‌ಟಿ, ಎಎಸ್‌ಟಿ. ಇವು ಲಿವರಿನ ಕಿಣ್ವಗಳು. ಕೆಲವು ಲ್ಯಾಬುಗಳು ಇವನ್ನೇ ಎಸ್‌ಜಿಪಿಟಿ, ಎಸ್‌ಜಿಒಟಿ ಅಂತ ಬರೆಯುತ್ತವೆ. ಸಾಮಾನ್ಯವಾಗಿ 40ರ ಆಸುಪಾಸಿನ ಒಳಗಿರಬೇಕು. ಲಿವರಿನ ಜೀವಕೋಶ ಒಡೆದಾಗ ಇವು ರಕ್ತಕ್ಕೆ ಸೋರುತ್ತವೆ. ವೈರಸ್ ಅಥವಾ ಔಷಧಿಯ ಹೊಡೆತದಲ್ಲಿ ಸಾವಿರ ದಾಟುವುದುಂಟು. ಮದ್ಯದಿಂದಾದ ಉರಿಯೂತದಲ್ಲಿ ಏರಿಕೆ ಅಷ್ಟಿರುವುದಿಲ್ಲ, ಆದರೆ ಎಎಸ್‌ಟಿ ಎಎಲ್‌ಟಿಯ ಎರಡು ಪಟ್ಟು ಇರುವುದು ರೂಢಿ. ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿಜಿಟಿ ಅನ್ನುವ ಇನ್ನೆರಡು ಕಿಣ್ವಗಳೂ ಎದ್ದು ಕಾಣುವಷ್ಟು ಏರಿದ್ದರೆ ಪಿತ್ತನಾಳದ ಕಡೆ ನೋಡಬೇಕು. ಅಲ್ಟ್ರಾಸೌಂಡ್ ಮಾಡಿದರೆ ನಾಳ ಹಿಗ್ಗಿದೆಯೇ ಇಲ್ಲವೇ ಗೊತ್ತಾಗುತ್ತದೆ.

ಇಷ್ಟನ್ನೂ ಲಿವರ್ ಫಂಕ್ಷನ್ ಟೆಸ್ಟ್ ಅಂತ ಕರೆಯುವುದೇ ಒಂದು ತಮಾಷೆ. ಎಎಲ್‌ಟಿ ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುವುದೇ ಇಲ್ಲ. ಎಷ್ಟು ಪೆಟ್ಟು ಬಿದ್ದಿದೆ ಅಂತ ಮಾತ್ರ ಹೇಳುತ್ತದೆ. ಕೆಲಸದ ಲೆಕ್ಕ ಕೊಡುವುದು ಇನ್ನೆರಡು: ಅಲ್ಬುಮಿನ್ ಮತ್ತು ಐಎನ್‌ಆರ್. ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಅನ್ನುವ ಅಳತೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ತಯಾರಿಸುವುದು ಲಿವರ್. ಅವುಗಳಲ್ಲಿ ಕೆಲವು ಗಂಟೆಗಳಲ್ಲೇ ಸವೆಯುತ್ತವೆ. ಲಿವರ್ ಸೋತರೆ ಐಎನ್‌ಆರ್ ಕೂಡಲೇ ಏರುತ್ತದೆ. ಅಲ್ಬುಮಿನ್ ಬಾಳಿಕೆ ಹೆಚ್ಚು, ಅರ್ಧ ಕರಗಲು ಸುಮಾರು 20 ದಿನ. ಅದು ಕಡಿಮೆಯಿದ್ದರೆ ತೊಂದರೆ ಹಳೆಯದು ಅನ್ನುವ ಸುಳಿವು.

ನನ್ನ ಪ್ರಕಾರ ಇಡೀ ರಿಪೋರ್ಟಿನಲ್ಲಿ ಮನೆಯವರು ತಿಳಿದಿರಲೇಬೇಕಾದ ಸಂಖ್ಯೆ ಐಎನ್‌ಆರ್. ಸಾಮಾನ್ಯವಾಗಿ ಅದು 1ರ ಹತ್ತಿರ. 1.5 ಅಥವಾ ಹೆಚ್ಚಾಗಿ, ಜೊತೆಗೆ ಗೊಂದಲವೂ ಇದ್ದರೆ ಅದೇ ದಿಢೀರ್ ಲಿವರ್ ವೈಫಲ್ಯ. ಒಂದು ಮೋಸದ ಸನ್ನಿವೇಶವೂ ಇದೆ. ಎಎಲ್‌ಟಿ ಮೂರು ಸಾವಿರದಿಂದ ಐನೂರಕ್ಕೆ ಇಳಿಯುತ್ತದೆ, ಮನೆಯವರು ಉಸಿರು ಬಿಡುತ್ತಾರೆ. ಆದರೆ ಐಎನ್‌ಆರ್ ಏರುತ್ತಿದ್ದರೆ, ಎಎಲ್‌ಟಿ ಇಳಿದದ್ದು ಒಡೆಯಲು ಜೀವಕೋಶಗಳೇ ಉಳಿದಿಲ್ಲದ್ದಕ್ಕೆ. ಪಿತ್ತನಾಳ ಮುಚ್ಚಿದ್ದರೂ ಐಎನ್‌ಆರ್ ಏರಬಹುದು, ಯಾಕೆಂದರೆ ಪಿತ್ತರಸವಿಲ್ಲದೆ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ. ಅದು ವಿಟಮಿನ್ ಕೆ ಇಂಜೆಕ್ಷನ್ನಿಗೆ ಸರಿಹೋಗುತ್ತದೆ.

ಹೆಜ್ಜೆ 6: ಕಾರಣ ತಿಳಿಯುವವರೆಗೆ ಮನೆಯಲ್ಲಿ

ಮದ್ಯ ಬೇಡ. ಆದರೆ ದಿನಾ ಕುಡಿಯುತ್ತಿದ್ದವರು ಮೇಲೆ ಹೇಳಿದ ಹಾಗೆ ವೈದ್ಯರ ನಿಗಾದಲ್ಲೇ ನಿಲ್ಲಿಸಬೇಕು. ವೈದ್ಯರು ಹೇಳದ ಯಾವ ಮಾತ್ರೆಯೂ, ಪುಡಿಯೂ ಬೇಡ. ಲಿವರ್ ಟಾನಿಕ್ ಅಂತ ಮಾರುವುದೂ ಬೇಡ.

ಊಟದ ಬಗ್ಗೆ ತಪ್ಪು ತಿಳಿವಳಿಕೆ ತುಂಬಾ. ಎಣ್ಣೆ, ಪ್ರೋಟೀನು, ಉಪ್ಪು, ಖಾರ ಎಲ್ಲ ಬಿಡಿಸಿ ವಾರಗಟ್ಟಲೆ ಸಪ್ಪೆ ತಿನ್ನಿಸಿದರೆ ರೋಗಿ ಸೊರಗುತ್ತಾರೆ, ಕಾಯಿಲೆ ಸೊರಗುವುದಿಲ್ಲ. ವಾಕರಿಕೆ ಇರುವಷ್ಟು ದಿನ ಹಗುರವಾದದ್ದು, ಸ್ವಲ್ಪ ಸ್ವಲ್ಪವೇ, ಅನೇಕ ಸಲ. ಹಸಿವು ಮರಳಿದ ಮೇಲೆ ಎಂದಿನ ಊಟ. ಹಳದಿ ಬಣ್ಣದ ಆಹಾರ ತಿಂದರೆ ಹಳದಿ ಹೆಚ್ಚುವುದಿಲ್ಲ.

ಹೆಪಟೈಟಿಸ್ ಎ ಅಂತ ಗೊತ್ತಾದರೆ, ವೈರಸ್ ಅತಿ ಹೆಚ್ಚು ಹೊರಬರುವುದು ಹಳದಿ ಕಾಣುವ ಒಂದೆರಡು ವಾರ ಮೊದಲೇ. ಹಳದಿಯಾದ ಒಂದು ವಾರದವರೆಗೂ ಹರಡಬಹುದು. ತಟ್ಟೆ ಲೋಟ ಬೇರೆ ಮಾಡುವುದಕ್ಕಿಂತ ಶೌಚದ ನಂತರ ಸೋಪು ಹಾಕಿ ಕೈ ತೊಳೆಯುವುದು ಮುಖ್ಯ. ಮನೆಯ ಉಳಿದವರಿಗೆ ಎರಡು ವಾರದೊಳಗೆ ಲಸಿಕೆ ಹಾಕಿಸಿದರೆ ಕಾಯಿಲೆ ತಡೆಯಬಹುದು. ಹೆಪಟೈಟಿಸ್ ಬಿ ಆಗಿದ್ದರೆ ಮನೆಯವರೆಲ್ಲ ಪರೀಕ್ಷೆ ಮಾಡಿಸಿ, ಇಲ್ಲದವರು ಲಸಿಕೆ ಹಾಕಿಸಿಕೊಳ್ಳಿ. ರೇಜರ್, ಹಲ್ಲುಜ್ಜುವ ಬ್ರಷ್ ಬೇರೆ ಇರಲಿ.

ಕಲ್ಲು ಪಿತ್ತನಾಳದಲ್ಲಿ ಸಿಕ್ಕಿಕೊಂಡಿದ್ದರೆ ಮನೆಮದ್ದಿನ ಪ್ರಶ್ನೆಯೇ ಬರುವುದಿಲ್ಲ. ಇಆರ್‌ಸಿಪಿ ಅನ್ನುವ ವಿಧಾನದಲ್ಲಿ ಬಾಯಿಯ ಮೂಲಕ ಕೊಳವೆ ಇಳಿಸಿ ಕಲ್ಲು ತೆಗೆಯುತ್ತಾರೆ. ದಾರಿ ತೆರೆದ ಮೇಲೆ ಹಳದಿ ತಾನೇ ಇಳಿಯುತ್ತದೆ.

ಎಳೆಗೂಸಾದರೆ ಲೆಕ್ಕವೇ ಬೇರೆ

ತುಂಬು ತಿಂಗಳಿಗೆ ಹುಟ್ಟಿದ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚು ಕೂಸುಗಳು ಮೊದಲ ವಾರದಲ್ಲಿ ಹಳದಿಯಾಗುತ್ತವೆ. ಎರಡು ಮೂರನೇ ದಿನ ಶುರುವಾಗಿ, ಎರಡು ವಾರದೊಳಗೆ ಹೋಗುತ್ತದೆ. ಹೆಚ್ಚಿನವಕ್ಕೆ ಚೆನ್ನಾಗಿ ಹಾಲು ಕುಡಿಸುವುದು ಸಾಕು.

ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ ಮಾತ್ರ ಕೂಡಲೇ ತೋರಿಸಬೇಕು. ಹಳದಿ ಕಾಲಿನವರೆಗೆ ಇಳಿದರೆ, ಕೂಸು ಹಾಲು ಬಿಟ್ಟು ಮಂಕಾದರೆ, ಕೀರಲಾಗಿ ಅತ್ತರೆ, ಬೆನ್ನು ಬಿಲ್ಲಿನಂತೆ ಬಾಗಿದರೆ ಕೂಡ. ಅತಿಯಾದ ಬಿಲಿರುಬಿನ್ ಎಳೆಯ ಮೆದುಳಿಗೆ ಇಳಿದು ಶಾಶ್ವತ ಹಾನಿ ಮಾಡುತ್ತದೆ. ಕಿವುಡುತನವೂ ಬರಬಹುದು.

ಚಿಕಿತ್ಸೆ ನೀಲಿ ಬೆಳಕು. ಅದರ ಹುಟ್ಟೇ ಒಂದು ಸೊಗಸಾದ ಕಥೆ. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ಜೀನ್ ವಾರ್ಡ್ ಕೂಸುಗಳನ್ನು ಅಂಗಳದ ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಬಿಸಿಲು ಬಿದ್ದ ಕಡೆ ಹಳದಿ ಮಾಯವಾಗಿ, ಬಟ್ಟೆ ಮುಚ್ಚಿದ ಕಡೆ ಉಳಿದಿರುವುದನ್ನು ಅವರು ವೈದ್ಯರಿಗೆ ತೋರಿಸಿದರು. ಹಾಗಂತ ಇವತ್ತು ಕೂಸನ್ನು ಬಿಸಿಲಿಗೆ ಇಟ್ಟು ಕಾಯುವುದು ಸರಿಯಲ್ಲ. ಮೈ ಸುಡುತ್ತದೆ, ಬೆಳಕಿನ ಪ್ರಮಾಣ ಗೊತ್ತಾಗುವುದಿಲ್ಲ, ಹೊತ್ತು ಕಳೆಯುತ್ತದೆ.

ಎರಡು ವಾರ ಕಳೆದರೂ ಹಳದಿ ಹೋಗದಿದ್ದರೆ ಡೈರೆಕ್ಟ್ ಬಿಲಿರುಬಿನ್ ಪರೀಕ್ಷೆ ಆಗಲೇಬೇಕು. ದಿನಾ ಮಲದ ಬಣ್ಣ ನೋಡಿ. ಬಿಳಿ, ಬೂದು ಆಗಿದ್ದರೆ ಪಿತ್ತನಾಳ ಬೆಳೆಯದ ಬಿಲಿಯರಿ ಅಟ್ರೀಸಿಯಾ ಇರಬಹುದು. ಪಿತ್ತರಸ ಕರುಳಿಗೆ ಇಳಿಯಲು ದಾರಿ ಮಾಡಿಕೊಡುವ ಕಸಾಯ್ ಶಸ್ತ್ರಚಿಕಿತ್ಸೆ 60 ದಿನದೊಳಗೆ ಆದರೆ ಫಲ ಚೆನ್ನಾಗಿರುತ್ತದೆ.

ಹೆಜ್ಜೆ 7: ಹಳದಿ ಹೋಯಿತು. ಮುಂದೆ?

ಹೆಚ್ಚಿನವರು ಎಡವುವುದು ಇಲ್ಲಿ. ಕಣ್ಣು ಬೆಳ್ಳಗಾದ ದಿನ ಫೈಲು ಬೀರುವಿಗೆ ಹೋಗುತ್ತದೆ. ಹೆಪಟೈಟಿಸ್ ಎ ಆಗಿದ್ದರೆ ಪರವಾಗಿಲ್ಲ, ಅದು ಮುಗಿದ ಕಥೆ. ಬಿ ಆಗಿದ್ದರೆ ಆರು ತಿಂಗಳ ಮೇಲೆ ಮತ್ತೆ ಪರೀಕ್ಷೆ ಮಾಡಿ ವೈರಸ್ ಹೋಗಿದೆಯೇ ನೋಡಬೇಕು. ಸಿ, ಮದ್ಯ, ಫ್ಯಾಟಿ ಲಿವರ್, ಆಟೋಇಮ್ಯೂನ್ ಆಗಿದ್ದರೆ ಹಳದಿ ಇಲ್ಲದೆಯೇ ಹಾನಿ ಮುಂದುವರಿಯಬಹುದು.

ಪೆಟ್ಟು ಬಿದ್ದ ಕಡೆ ಲಿವರ್ ಗಾಯದ ಕಲೆ ಕಟ್ಟಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗಾದರೆ ಮೆತ್ತನೆಯ ಲಿವರ್ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಇದೇ ಸಿರೋಸಿಸ್. ಈ ಹಂತದಲ್ಲೂ ಎಎಲ್‌ಟಿ, ಬಿಲಿರುಬಿನ್ ಎರಡೂ ಸರಿಯಿರಬಹುದು. ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕಡಿಮೆ ಇರುವುದು ಒಂದು ಸುಳಿವು. ಲಿವರಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಇನ್ನೊಂದು. ಕಾರಣ ತೆಗೆದುಹಾಕಿದರೆ ಕಲೆಯೂ ಸ್ವಲ್ಪಮಟ್ಟಿಗೆ ಕರಗುತ್ತದೆ. ಫ್ಯಾಟಿ ಲಿವರ್ ಇರುವವರು ತೂಕವನ್ನು ನೂರಕ್ಕೆ 7 ರಿಂದ 10ರಷ್ಟು ಇಳಿಸಿದರೆ ಉರಿಯೂತ ತಗ್ಗುತ್ತದೆ. ಹೆಪಟೈಟಿಸ್ ಬಿ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಸುಮ್ನೆ ನಿಲ್ಲಿಸಬೇಡಿ. ವೈರಸ್ ಮತ್ತೆ ಭುಗಿಲೆದ್ದು ಲಿವರ್ ಸೋಲಬಹುದು.

ಸಿರೋಸಿಸ್ ತರುವ ತೊಡಕುಗಳಲ್ಲಿ ಹೆಚ್ಚಿನವು ಒಂದೇ ಕಾರಣಕ್ಕೆ ಹುಟ್ಟುತ್ತವೆ. ಕರುಳಿನಿಂದ ಬರುವ ರಕ್ತ ಗಟ್ಟಿ ಲಿವರಿನೊಳಗೆ ನುಗ್ಗಲಾರದೆ ಒತ್ತಡ ಏರುತ್ತದೆ.

ಆ ಒತ್ತಡಕ್ಕೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ವಾರದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಚಹಾ ಚಮಚದೊಳಗೆ. ಪ್ಯಾಕೆಟ್ ತಿಂಡಿಯ ಉಪ್ಪೂ ಅದರಲ್ಲೇ ಸೇರಿತು. ಹೊಟ್ಟೆಯಲ್ಲಿ ನೀರಿದ್ದು ಜ್ವರ ಅಥವಾ ಹೊಟ್ಟೆನೋವು ಬಂದರೆ ಆ ನೀರಿಗೇ ಸೋಂಕು ತಗುಲಿರಬಹುದು, ಅವತ್ತೇ ಆಸ್ಪತ್ರೆಗೆ. ಐಬುಪ್ರೊಫೆನ್, ಡೈಕ್ಲೊಫಿನಾಕ್ ಥರದ ನೋವಿನ ಮಾತ್ರೆ ಮುಟ್ಟಬೇಡಿ, ಕಿಡ್ನಿ ಕೈಕೊಡುತ್ತದೆ. ಆಶ್ಚರ್ಯ ಅನ್ನಿಸಬಹುದು, ಇವರಿಗೆ ಅದಕ್ಕಿಂತ ವೈದ್ಯರು ಹೇಳಿದ ಕಡಿಮೆ ಪ್ರಮಾಣದ ಪ್ಯಾರಾಸಿಟಮಾಲೇ ಸುರಕ್ಷಿತ.

ಅದೇ ಒತ್ತಡಕ್ಕೆ ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ. ಒಡೆದರೆ ರಕ್ತ ವಾಂತಿ. ಒಡೆಯುವ ಮೊದಲೇ ಎಂಡೋಸ್ಕೋಪಿ ಮಾಡಿಸಿಕೊಂಡರೆ, ಉಬ್ಬಿದ ನಾಳಕ್ಕೆ ಬ್ಯಾಂಡ್ ಹಾಕಬಹುದು, ಇಲ್ಲವೇ ಕಾರ್ವೆಡಿಲಾಲ್, ಪ್ರೊಪ್ರನಲಾಲ್ ಥರದ ಮಾತ್ರೆಯಿಂದ ಒತ್ತಡ ಇಳಿಸಬಹುದು.

ಸಿರೋಸಿಸ್ ಇರುವವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ತಪ್ಪದೆ. ಲಿವರ್ ಕ್ಯಾನ್ಸರ್ ಚಿಕ್ಕದಿದ್ದಾಗ ಸಿಕ್ಕರೆ ಗುಣಪಡಿಸಲು ದಾರಿಗಳಿವೆ. ಹೆಪಟೈಟಿಸ್ ಬಿ ಇರುವವರಲ್ಲಿ ಸಿರೋಸಿಸ್ ಇಲ್ಲದೆಯೂ ಕ್ಯಾನ್ಸರ್ ಬರಬಹುದು, ಅವರು ಯಾವಾಗ ಶುರು ಮಾಡಬೇಕು ಅಂತ ವೈದ್ಯರನ್ನು ಕೇಳಿ.

ಊಟದಲ್ಲಿ ಪ್ರೋಟೀನು ಕಡಿಮೆ ಮಾಡಬೇಡಿ. ಅದು ಹಳೆಯ ಸಲಹೆ. ಈಗ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2 ರಿಂದ 1.5 ಗ್ರಾಂ ಬೇಕು ಅನ್ನುತ್ತಾರೆ. ಸಿರೋಸಿಸ್ ಲಿವರಿನಲ್ಲಿ ಶಕ್ತಿಯ ದಾಸ್ತಾನು ಕಡಿಮೆ. ರಾತ್ರಿಯಿಡೀ ಖಾಲಿ ಹೊಟ್ಟೆಯಲ್ಲಿದ್ದರೆ ದೇಹ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಮಲಗುವ ಮೊದಲು ಏನಾದರೂ ತಿನ್ನಿ.

ಕೊನೆಯದು ಮೆದುಳಿನ ಮಂಕು. ಲಿವರ್ ತೊಳೆಯಬೇಕಾದ ಅಮೋನಿಯಾ ಥರದ ವಿಷಗಳು ಮೆದುಳಿಗೆ ಹೋಗುತ್ತವೆ. ಇಲ್ಲೂ ರೋಗಿಗೆ ತನ್ನದು ತನಗೆ ಕಾಣುವುದಿಲ್ಲ, ಎದುರಿಗಿರುವವರೇ ನೋಡಬೇಕು. ಹಗಲು ರಾತ್ರಿ ನಿದ್ದೆ ಅದಲು ಬದಲಾಗುವುದು, ಚಿಕ್ಕ ಲೆಕ್ಕ ತಪ್ಪುವುದು, ಸಿಡುಕು. ಕೈ ಮುಂದೆ ಚಾಚಿ ಮಣಿಕಟ್ಟು ಮೇಲಕ್ಕೆತ್ತಿ ಹಿಡಿಯಲು ಹೇಳಿದರೆ, ಅಂಗೈ ಹಕ್ಕಿ ರೆಕ್ಕೆ ಬಡಿದ ಹಾಗೆ ಬಡಿಯುತ್ತದೆ. ವಾರಕ್ಕೊಮ್ಮೆ ಅವರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಅಕ್ಷರ ಕೆಡುವುದು ಬೇಗ ಗೊತ್ತಾಗುತ್ತದೆ. ಮಲಬದ್ಧತೆ, ಸೋಂಕು, ರಕ್ತಸ್ರಾವ, ನಿದ್ದೆ ಮಾತ್ರೆ ಇದನ್ನು ಕೆರಳಿಸುತ್ತವೆ. ಮಲ ಸಡಿಲಿಸುವ ಲ್ಯಾಕ್ಟುಲೋಸ್ ಔಷಧಿ ಕೊಟ್ಟಿದ್ದರೆ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗುವಷ್ಟು ಕೊಡಬೇಕು. ಒಂದು ಸಲ ಮಂಕಾದವರು ವೈದ್ಯರು ಸರಿ ಅನ್ನುವವರೆಗೆ ವಾಹನ ಓಡಿಸಬಾರದು.

ಹೊಟ್ಟೆಯಲ್ಲಿ ನೀರು, ರಕ್ತ ವಾಂತಿ, ಮಂಕು, ಏರುವ ಕಾಮಾಲೆ, ಇವುಗಳಲ್ಲಿ ಒಂದು ಬಂದರೂ ಸರಿ, ಲಿವರ್ ಕಸಿಯ ಮಾತನ್ನು ವೈದ್ಯರ ಬಳಿ ಆಗಲೇ ಎತ್ತಿ. 1963ರಲ್ಲಿ ಅಮೆರಿಕದ ಶಸ್ತ್ರವೈದ್ಯ ಥಾಮಸ್ ಸ್ಟಾರ್ಜಲ್ ಮೊದಲು ಪ್ರಯತ್ನಿಸಿದಾಗ ರೋಗಿ ಉಳಿಯಲಿಲ್ಲ. 1967ರಲ್ಲಿ ಅವರೇ ಗೆದ್ದರು. ಈಗ ಬದುಕಿರುವ ದಾನಿಯ ಲಿವರಿನ ಒಂದು ಭಾಗ ತೆಗೆದು ಹಾಕಿದರೂ, ಕೆಲವೇ ತಿಂಗಳಲ್ಲಿ ಇಬ್ಬರಲ್ಲೂ ಅದು ಹೆಚ್ಚುಕಡಿಮೆ ಪೂರ್ತಿ ಗಾತ್ರಕ್ಕೆ ಬೆಳೆಯುತ್ತದೆ. ಆದರೆ ದಾನಿ ಹುಡುಕಲು, ತಪಾಸಣೆಗೆ ವಾರಗಳು ಬೇಕು. ರೋಗಿ ಎದ್ದು ಓಡಾಡುತ್ತಿರುವಾಗಲೇ ಆ ಭೇಟಿಯ ದಿನ ಗೊತ್ತುಮಾಡಿಕೊಳ್ಳಿ, ಜೊತೆಗೆ ಹಳೆಯ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ.